ಸಣ್ಣ ಕಾನ್ಫರೆನ್ಸಿನ ಕಮಿಷನರ್ ಕೈಯಲ್ಲಿ ಏನಿದೆ?

ಪ್ರಶ್ನೆ: ಅಮೆರಿಕದ ಕಾಲೇಜುಗಳು ಈಗ ಆಟಗಾರರಿಗೇ ನೇರವಾಗಿ ದುಡ್ಡು ಕೊಡುತ್ತಿವೆಯಂತೆ. ದೊಡ್ಡ ಯೂನಿವರ್ಸಿಟಿಗಳೇನೋ ತಡೆದುಕೊಂಡಾವು. ಸಣ್ಣ ಕಾಲೇಜುಗಳ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜುಗಳ ಕೂಟ) ನಡೆಸುವವರು ಹೇಗೆ ನಿಭಾಯಿಸುತ್ತಾರೆ?

ಉತ್ತರ: ಮೊದಲು ‘ಕಮಿಷನರ್’ ಎಂಬ ಪದದ ಭಾರ ಇಳಿಸಿಬಿಡೋಣ. ಕೈಯಲ್ಲಿ ಲಾಠಿ ಇರುವ ಕಮಿಷನರ್ ಅಲ್ಲ ಇವರು. ಸದಸ್ಯ ಕಾಲೇಜುಗಳ ಅಧ್ಯಕ್ಷರೆಲ್ಲ ಸೇರಿ ಸಂಬಳ ಕೊಟ್ಟು ಇಟ್ಟುಕೊಂಡವರು. ಪಂದ್ಯಗಳ ವೇಳಾಪಟ್ಟಿ, ರೆಫರಿಗಳು, ಪ್ರಸಾರದ ಒಪ್ಪಂದ, ವರ್ಷದ ಕೊನೆಯ ಟೂರ್ನಿ ಎಲ್ಲ ಇವರದೇ ಉಸ್ತುವಾರಿ. ಆದರೆ ಒಂದು ಕಾಲೇಜು ‘ನಾವು ಹೊರಟೆವು’ ಅಂದರೆ, ಬಿಟ್ಟುಹೋಗುವ ಶುಲ್ಕ ವಸೂಲಿ ಮಾಡಬಹುದೇ ಹೊರತು ಕಾಲು ಕಟ್ಟಿಹಾಕುವಂತಿಲ್ಲ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ: ನ್ಯೂಜೆರ್ಸಿಯಲ್ಲಿ ಕಚೇರಿ ಇರುವ ನಾರ್ತ್‌ಈಸ್ಟ್ ಕಾನ್ಫರೆನ್ಸ್. 2009ರಿಂದ ನೋರೀನ್ ಮಾರಿಸ್ ಅದರ ಕಮಿಷನರ್.

2023ರ ಮಾರ್ಚ್. ಕಾನ್ಫರೆನ್ಸಿನ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಮೆರಿಮ್ಯಾಕ್ ಕಾಲೇಜು 67-66ರಿಂದ ಗೆದ್ದಿತು. ಆದರೆ ಅದು ಎರಡನೇ ಡಿವಿಷನ್‌ನಿಂದ (ಕಾಲೇಜು ಕ್ರೀಡೆಯಲ್ಲಿ ಮೂರು ಡಿವಿಷನ್, ಅಂದರೆ ದರ್ಜೆ; ಮೊದಲನೆಯದೇ ಮೇಲಿನದು) ಮೇಲೆ ಬಂದು ನಾಲ್ಕು ವರ್ಷದ ಕಾಯುವ ಅವಧಿಯಲ್ಲಿತ್ತು, ಕಾನ್ಫರೆನ್ಸ್ ಗೆದ್ದವರು ಹೋಗುವ ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ ಹೋಗುವಂತಿರಲಿಲ್ಲ. ಹಾಗಾಗಿ ಸೋತ ಫೇರ್ಲಿ ಡಿಕಿನ್ಸನ್‌ಗೆ ಟಿಕೆಟ್ ಸಿಕ್ಕಿತು. ಆ ವರ್ಷ ಮೊದಲ ಡಿವಿಷನ್ನಿನಲ್ಲೇ ಎತ್ತರದಲ್ಲಿ ಎಲ್ಲರಿಗಿಂತ ಕುಳ್ಳ ತಂಡ ಅದು. ಮೊದಲು ಟೆಕ್ಸಸ್ ಸದರ್ನ್ ತಂಡವನ್ನು ಸೋಲಿಸಿತು. ಆಮೇಲೆ ಮಾರ್ಚ್ 17ರಂದು, ಏಳು ಅಡಿ ನಾಲ್ಕು ಇಂಚಿನ ಜ್ಯಾಕ್ ಈಡಿ ಇದ್ದ ಪರ್ಡ್ಯೂವನ್ನು 63-58ರಿಂದ ಮಣಿಸಿತು. ಮುಂದಿನ ಪಂದ್ಯದಲ್ಲಿ ಸೋತು ಮನೆಗೆ ಬಂತು.

ಊರೆಲ್ಲ ಆ ಗೆಲುವಿನ ಮಾತಾಡಿತು. ಕಮಿಷನರ್ ಕಣ್ಣು ಮಾತ್ರ ಪಂದ್ಯಗಳ ಎಣಿಕೆಯ ಮೇಲಿರುತ್ತದೆ. ರಾಷ್ಟ್ರೀಯ ಟೂರ್ನಿಯಲ್ಲಿ ಫೈನಲ್ ಬಿಟ್ಟು, ಆಡಿದ ಪ್ರತಿ ಪಂದ್ಯಕ್ಕೂ ಒಂದು ‘ಯೂನಿಟ್’. ಒಂದು ಯೂನಿಟ್ ಅಂದರೆ ಆರು ವರ್ಷಗಳಲ್ಲಿ ಕಂತುಕಂತಾಗಿ ಬರುವ ಸುಮಾರು 20 ಲಕ್ಷ ಡಾಲರ್. ಈ ಹಣ ಗೆದ್ದ ಕಾಲೇಜಿಗಲ್ಲ, ಕಾನ್ಫರೆನ್ಸಿಗೆ ಬರುತ್ತದೆ. ಎಲ್ಲರಿಗೂ ಸಮಪಾಲೋ, ಆಡಿದವರಿಗೆ ಒಂದು ತುತ್ತು ಹೆಚ್ಚೋ ಎಂಬುದು ಸದಸ್ಯರ ಸಭೆಯಲ್ಲಿ ತೀರ್ಮಾನವಾಗಬೇಕು. ಆಸ್ತಿ ಪಾಲು ನೋಡಿದವರಿಗೆ ಆ ಸಭೆ ಹೇಗಿರುತ್ತದೆಂದು ನಾನು ವಿವರಿಸಬೇಕಿಲ್ಲ.

ಅಂದಹಾಗೆ, ಪರ್ಡ್ಯೂ ಪಂದ್ಯ ಮುಗಿದು ಮೂರೇ ದಿನಕ್ಕೆ ಅದೇ ಕಾನ್ಫರೆನ್ಸಿನ ಬ್ರೂಕ್ಲಿನ್‌ನ ಸೇಂಟ್ ಫ್ರಾನ್ಸಿಸ್ ಕಾಲೇಜು ತನ್ನ ಎಲ್ಲ ಕ್ರೀಡಾ ತಂಡಗಳನ್ನೂ ಮುಚ್ಚುವುದಾಗಿ ಹೇಳಿತು. ಮರುವರ್ಷ ಮೆರಿಮ್ಯಾಕ್ ಮತ್ತು ಸೇಕ್ರೆಡ್ ಹಾರ್ಟ್ ಬೇರೆ ಕಾನ್ಫರೆನ್ಸಿಗೆ ಹೋದವು.

ಇದರ ಮೇಲೆ ಬಿದ್ದದ್ದು ಕೋರ್ಟಿನ ಆದೇಶ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ‘ಹೌಸ್’ ಪ್ರಕರಣದ, ಅಂದರೆ ಆಟಗಾರರು ತಮ್ಮ ಪಾಲಿನ ಹಣಕ್ಕಾಗಿ ಹೂಡಿದ್ದ ದಾವೆಯ, ಒಪ್ಪಂದಕ್ಕೆ ಸಮ್ಮತಿ ಕೊಟ್ಟರು. ಮೊದಲ ವರ್ಷ ಒಂದು ಕಾಲೇಜು ತನ್ನ ಆಟಗಾರರಿಗೆ ಹೆಚ್ಚೆಂದರೆ ಸುಮಾರು 2.05 ಕೋಟಿ ಡಾಲರ್ ಹಂಚಬಹುದು. ಸಣ್ಣವರಿಗೆ ಅದು ಕನಸಿನ ಮಾತು. ಹಂಚಲೇಬೇಕೆಂಬ ಕಡ್ಡಾಯವೂ ಇಲ್ಲ, ಸೇರುವುದು ಬಿಡುವುದು ಕಾಲೇಜಿನ ಇಷ್ಟ. ಅವರಿಗೆ ನಿಜವಾಗಿ ಉರಿ ಹತ್ತಿಸಿದ್ದು ಇನ್ನೊಂದು ಸಂಗತಿ. 2016ರಿಂದ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ ಕೊಡಬೇಕು. ಅದರ ದೊಡ್ಡ ಭಾಗವನ್ನು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ತಾನು ಎಲ್ಲ ಕಾನ್ಫರೆನ್ಸುಗಳಿಗೆ ಹಂಚುವ ಹಣದಲ್ಲೇ ಮುರಿದುಕೊಳ್ಳುತ್ತದೆ. ಬಾಕಿಯ ಬಹುಪಾಲು ಸಿಗುವುದು ದೊಡ್ಡ ಕಾನ್ಫರೆನ್ಸುಗಳ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ. ಊಟ ಒಬ್ಬರದು, ಬಿಲ್ಲು ಎಲ್ಲರದು. ಸಣ್ಣವರ ಈ ದೂರಿನಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಕಮಿಷನರ್ ಮಾಡುವುದೇನು? ಹೋದವರ ಜಾಗ ತುಂಬುವುದೇ ಮೊದಲ ಕೆಲಸ; ಸದಸ್ಯರ ಸಂಖ್ಯೆ ಮಿತಿಗಿಂತ ಕೆಳಗೆ ಇಳಿದರೆ ಆ ಮಾರ್ಚ್ ಟಿಕೆಟ್ಟಿಗೇ ಕುತ್ತು. ನಾರ್ತ್‌ಈಸ್ಟ್ 2023ರಲ್ಲಿ ಲೆ ಮೊಯ್ನ್, 2024ರಲ್ಲಿ ಮರ್ಸಿಹರ್ಸ್ಟ್ ಮತ್ತು ಶಿಕಾಗೊ ಸ್ಟೇಟ್, 2025ರಲ್ಲಿ ನ್ಯೂ ಹೇವನ್ ಕಾಲೇಜುಗಳನ್ನು ಸೇರಿಸಿಕೊಂಡಿತು. ಶಿಕಾಗೊ ಬಿಟ್ಟರೆ ಉಳಿದವು ಎರಡನೇ ಡಿವಿಷನ್ನಿನಿಂದ ಬಂದವು. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದ್ದರೆ ಖರ್ಚು ಹಿಡಿತದಲ್ಲಿರುತ್ತದೆ. ಶಿಕಾಗೊ ವಿಷಯದಲ್ಲಿ ಆ ಲೆಕ್ಕ ಸ್ವಲ್ಪ ಹಿಗ್ಗಿತು ಅನ್ನಿ. ಕಾನ್ಫರೆನ್ಸ್ ಟೂರ್ನಿಯನ್ನು ಬಾಡಿಗೆ ಅಂಗಣದಲ್ಲಿ ಇಡದೆ ಮೇಲಿನ ಶ್ರೇಯಾಂಕದ ತಂಡದ ಸ್ವಂತ ಅಂಗಣದಲ್ಲೇ ಆಡಿಸುವುದು ಇನ್ನೊಂದು ಜಾಣತನ. ಬಾಡಿಗೆ ಉಳಿಯಿತು, ಗ್ಯಾಲರಿ ತುಂಬಿತು, ಒಳ್ಳೆಯ ತಂಡವೇ ಮುಂದೆ ಹೋಗುವ ಸಾಧ್ಯತೆಯೂ ಹೆಚ್ಚಿತು.

ಆದರೂ ಹಿಡಿದಿಡಲಾಗದ್ದು ಇದ್ದೇ ಇರುತ್ತದೆ. 2025ರಲ್ಲಿ ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ (ಹೆಸರು ಅದೇ, ಕಾಲೇಜು ಬೇರೆ) ಕಾನ್ಫರೆನ್ಸ್ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋಯಿತು. ಮಾರ್ಚ್ 18ರಂದು ಅಲಬಾಮಾ ಸ್ಟೇಟ್ ಎದುರು 70-68ರಿಂದ ಸೋತಿತು. ಒಂದೇ ವಾರದಲ್ಲಿ, ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ಡಿವಿಷನ್ನಿಗೆ ಇಳಿಯುವುದಾಗಿ ಘೋಷಿಸಿತು. ಆ ಒಂದು ಪಂದ್ಯದ ಯೂನಿಟ್ ಮಾತ್ರ ಕಾನ್ಫರೆನ್ಸಿನ ಖಾತೆಯಲ್ಲೇ ಉಳಿಯುತ್ತದೆ. ಗಳಿಸಿಕೊಟ್ಟ ಕಾಲೇಜು ಹೋದ ಮೇಲೂ ಅದರ ಕಂತು ವರ್ಷ ವರ್ಷ ಬರುತ್ತಿರುತ್ತದೆ.