ಎರಡು ಕಿಲೋ ಮೀನಿಗೆ 50 ಪೌಂಡಿನ ಬ್ರೇಡ್ ಯಾಕೆ?

ಓದುಗರ ಪ್ರಶ್ನೆ: ಬಾಸ್ ಮೀನು ಹಿಡಿಯಲು ಬ್ರೇಡ್ ಲೈನ್, ಅಂದರೆ ಹೆಣೆದ ಗಾಳದ ದಾರ, ಎಷ್ಟು ಪೌಂಡಿನದು ಇರಬೇಕು? ನನಗೆ ಸಿಗುವ ಮೀನು ಎರಡು ಕಿಲೋ ದಾಟುವುದೇ ಅಪರೂಪ. ಆದರೂ ಕೇಳಿದವರೆಲ್ಲ 50 ತಗೊಳ್ಳಿ, 65 ತಗೊಳ್ಳಿ ಅನ್ನುತ್ತಾರೆ. 20 ಸಾಲುವುದಿಲ್ಲವೇ? ಒಂದೇ ಸ್ಪೂಲ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ: ಪೌಂಡ್ ಅಂದರೆ ಲೈನ್ ಎಷ್ಟು ಎಳೆತಕ್ಕೆ ತುಂಡಾಗುತ್ತದೆ ಎಂಬ ಲೆಕ್ಕ. ಮೊದಲು ನಿಮ್ಮ ರೀಲ್ ಯಾವುದು ಅಂತ ಹೇಳಿ. ಎಸೆಯುವಾಗ ಸ್ಪೂಲ್ ತಿರುಗದ ಸ್ಪಿನ್ನಿಂಗ್ ರೀಲ್ ಆದರೆ 20 ಧಾರಾಳವಾಯಿತು, 15 ಇದ್ದರೂ ನಡೆಯುತ್ತದೆ. ಎಸೆಯುವಾಗ ಸ್ಪೂಲೇ ತಿರುಗುವ ಬೇಟ್‌ಕಾಸ್ಟರ್ ಆದರೆ 20 ಬೇಡವೇ ಬೇಡ. ಎರಡರಲ್ಲೂ ಮೀನು ಅದೇ ಎರಡು ಕಿಲೋದ್ದು. ಹಾಗಾದರೆ ಮೀನಿನ ತೂಕಕ್ಕೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ವಾ? ಇದೆ, ಆದರೆ ತುಂಬಾ ಕಡಿಮೆ.

ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆಯನ್ನೇ ನೋಡಿ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು 22 ಪೌಂಡ್ 4 ಔನ್ಸ್ ತೂಗಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಹಳೆಯ ದಾಖಲೆ ಮುರಿಯಲು ಆ ವ್ಯತ್ಯಾಸ ಸಾಲಲಿಲ್ಲ, ಇಬ್ಬರ ಹೆಸರೂ ದಾಖಲೆಯಲ್ಲಿ ಉಳಿಯಿತು. ಎರಡೂ ಸುಮಾರು 10 ಕಿಲೋ ಮೀನು. ತೂಕ ನೋಡಿ ಲೈನ್ ಆರಿಸುವುದಾದರೆ ವಿಶ್ವದಾಖಲೆಯ ಮೀನಿಗೂ 25 ಪೌಂಡ್ ಸಾಕು. 65 ಪೌಂಡ್ ಅಂದರೆ 29 ಕಿಲೋ ದಾಟಿತು. ಅಷ್ಟು ತೂಗುವ ಬಾಸ್ ಎಲ್ಲೂ ಇಲ್ಲ.

ಆ ದೊಡ್ಡ ಅಂಕಿಗಳು ಬರುವುದು ಬೇರೆ ಕಾರಣಕ್ಕೆ. ಲೈನ್ ಎಷ್ಟು ದಪ್ಪ ಇರಬೇಕು, ಮೀನು ಎಂಥ ಜಾಗದಲ್ಲಿ ಅಡಗಿದೆ, ಈ ಎರಡು ಪ್ರಶ್ನೆ ಮುಖ್ಯ. ದಪ್ಪದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜನ ಎಡವುವುದು ಅಲ್ಲೇ.

ಬ್ರೇಡ್ ಎಂದರೆ ತುಂಬಾ ಗಟ್ಟಿಯಾದ ಪಾಲಿಎಥಿಲೀನ್ ನೂಲುಗಳನ್ನು ಜಡೆ ಹೆಣೆದು ಮಾಡಿದ ದಾರ. ಪೆಟ್ಟಿಗೆಯ ಮೇಲೆ ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರು ಕಂಡರೆ ಅದು ಈ ನೂಲಿನದೇ. ಅದೇ ದಪ್ಪದ ನೈಲಾನ್‌ಗೆ ಹೋಲಿಸಿದರೆ ಇದರ ಬಲ ಮೂರು ನಾಲ್ಕು ಪಟ್ಟು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೂ 10 ಪೌಂಡಿನ ಬ್ರೇಡ್ ಸುಮಾರು 0.15 ಮಿಲಿಮೀಟರ್, 20ರದ್ದು 0.23, 30ರದ್ದು 0.28, 50ರದ್ದು 0.36, 65ರದ್ದು 0.41 ಎಂದು ಇಟ್ಟುಕೊಳ್ಳಬಹುದು.

ಈಗ ಆ 50ರ ಅಂಕಿಯನ್ನು ಇನ್ನೊಮ್ಮೆ ನೋಡಿ. 0.36 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ 12 ಪೌಂಡಿನ ನೈಲಾನ್‌ನಷ್ಟೇ ದಪ್ಪ. ಬಾಸ್ ಹಿಡಿಯುವವರು ಬೇಟ್‌ಕಾಸ್ಟರ್‌ಗೆ ಎಷ್ಟೋ ಕಾಲದಿಂದ ಸುತ್ತಿಕೊಂಡು ಬಂದ ಲೈನ್ ಅದು. ಆ ರೀಲು, ಆ ಸ್ಪೂಲು ಮಾಡಿರುವುದೇ ಅಷ್ಟು ದಪ್ಪದ ದಾರಕ್ಕೆ. ಹಾಗಾಗಿ 50 ಎಂಬ ಅಂಕಿ ಕೇಳಲು ಭಯಂಕರ ಅನ್ನಿಸಿದರೂ ಕೈಗೆ ಸಿಗುವುದು ಮಾಮೂಲಿ ದಪ್ಪದ ದಾರ. ದಪ್ಪ ಬೇಕು ಎಂದು ಕೊಂಡಾಗ ಬಲ ಸುಮ್ನೆ ಜೊತೆಗೆ ಬಂತು, ಅಷ್ಟೇ.

ಅದೇ ರೀಲಿಗೆ 15 ಅಥವಾ 20 ಸುತ್ತಿದರೆ ಏನಾಗುತ್ತದೆ? ಮೊದಲ ಕೆಲವು ಎಸೆತ ಚೆನ್ನಾಗಿರುತ್ತವೆ. ಆಮೇಲೆ ಹುಕ್ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಅಥವಾ ಮೀನು ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ತೆಳು ಲೈನು ಕೆಳಗಿನ ಸುತ್ತುಗಳ ನಡುವೆ ಕೊರೆದುಕೊಂಡು ಒಳಗೆ ಹೋಗಿ ಕೂರುತ್ತದೆ. ಮುಂದಿನ ಎಸೆತದಲ್ಲಿ ಲ್ಯೂರ್ (ನಕಲಿ ಎರೆ) ಅರ್ಧ ದಾರಿ ಹೋಗಿರುವಾಗ ಲೈನ್ ಹೊರಗೆ ಬರದೆ ಗಕ್ಕನೆ ನಿಲ್ಲುತ್ತದೆ. ಒಂದೋ ಸ್ಪೂಲ್ ಪೂರ್ತಿ ಗೋಜಲು, ಇಲ್ಲವೇ ಲೈನ್ ತುಂಡಾಗಿ ಲ್ಯೂರ್ ನೀರಿನ ಪಾಲು. ತೆಳು ಬ್ರೇಡಿನ ಗೋಜಲು ಬಿಡಿಸುವುದು ಎಂಥ ಕೆಲಸ ಅಂತ ಒಮ್ಮೆ ಕೂತು ಬಿಡಿಸಿದವರಿಗೇ ಗೊತ್ತು. ಅದಕ್ಕೇ ಬೇಟ್‌ಕಾಸ್ಟರ್‌ಗೆ 30ಕ್ಕಿಂತ ಕೆಳಗೆ ಇಳಿಯಬೇಡಿ. 40ರಿಂದ 50 ಇದ್ದರೆ ನಿಶ್ಚಿಂತೆ.

ಸ್ಪಿನ್ನಿಂಗ್ ರೀಲಿನ ಕಥೆ ಪೂರ್ತಿ ತಿರುಗಾಮುರುಗಾ. ಅಲ್ಲಿ ಲೈನ್ ಸ್ಪೂಲಿನ ಮುಂದಿನ ಅಂಚು ದಾಟಿ ಸುರುಳಿ ಸುರುಳಿಯಾಗಿ ಹೊರಡುತ್ತದೆ. ದಪ್ಪ ಲೈನ್ ಆದರೆ ಆ ಸುರುಳಿಗಳು ರಾಡಿನ ಮೊದಲ ಬಳೆಗೆ ಬಡಿಯುತ್ತವೆ, ಎಸೆತದ ದೂರ ಕಡಿಮೆಯಾಗುತ್ತದೆ. ಈ ರೀಲಿನಲ್ಲಿ ನಾವು ಎಸೆಯುವ ಲ್ಯೂರುಗಳೂ ಹಗುರವಾದವು. ದಪ್ಪ ದಾರವನ್ನು ಎಳೆದುಕೊಂಡು ಹಾರುವ ಶಕ್ತಿ ಅವಕ್ಕೆ ಇರುವುದಿಲ್ಲ. 10ರಿಂದ 15 ಪೌಂಡ್ ಇಲ್ಲಿ ಸರಿಯಾದ ಜಾಗ. ಅದಕ್ಕಿಂತ ತೆಳುವಾದರೆ ಗಾಳಿ ಬೀಸುವ ದಿನ ಲೈನ್ ತನ್ನಷ್ಟಕ್ಕೆ ಗಂಟು ಹಾಕಿಕೊಳ್ಳುವುದು ಜಾಸ್ತಿ.

ಇನ್ನು ಜಾಗದ ವಿಷಯ. ಲಾರ್ಜ್‌ಮೌತ್ ಬಾಸ್‌ಗೆ ಮರೆ ಇಷ್ಟ. ಜೊಂಡು, ನೈದಿಲೆ ಎಲೆಗಳ ಕೆಳಗೆ, ನೀರಿನ ಮೇಲೆ ಚಾಪೆಯಂತೆ ಹಬ್ಬಿದ ಗಿಡಗಳ ಅಡಿಯಲ್ಲಿ ಕಾದು ಕೂರುತ್ತದೆ. ಅಲ್ಲಿ ಹುಕ್ ತಗುಲಿದ ಕೂಡಲೇ ಅದು ಬುಡಕ್ಕೆ ನುಗ್ಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಲೈನ್ ನಾಲ್ಕಾರು ಕಾಂಡಗಳಿಗೆ ಸುತ್ತಿಕೊಂಡಿರುತ್ತದೆ. ಆಗ ನೀವು ಎಳೆಯುತ್ತಿರುವುದು ಎರಡು ಕಿಲೋ ಮೀನನ್ನು ಮಾತ್ರ ಅಲ್ಲ, ಅದರ ಜೊತೆ ಒಂದು ಹೊರೆ ಒದ್ದೆ ಸೊಪ್ಪನ್ನು. 50, 65 ಎಲ್ಲ ಈ ಹೊರೆಗೆ. ಬಿಗಿಯಾಗಿ ಎಳೆದ ಬ್ರೇಡ್ ಮೆದು ಕಾಂಡಗಳನ್ನು ಗರಗಸದ ಹಾಗೆ ಕೊಯ್ದುಕೊಂಡು ಬರುತ್ತದೆ. ನೈಲಾನ್ ಆಗಲಿ ಫ್ಲೋರೋಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ ಒಂಟಿ ಎಳೆಯ ಲೈನ್) ಆಗಲಿ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಎಲೆಗಳ ಮೇಲೆ ಕಪ್ಪೆ ಲ್ಯೂರ್ ಆಡಿಸುವವರು 50 ಅಥವಾ 65 ಹಾಕಿಕೊಳ್ಳಬೇಕು, ಇದರಲ್ಲಿ ಚೌಕಾಸಿ ಇಲ್ಲ. ಆ ಲ್ಯೂರಿನ ಹುಕ್ಕುಗಳು ದಪ್ಪ ತಂತಿಯವು. ದೂರದಲ್ಲಿ ಮೀನು ಕಚ್ಚಿದಾಗ ಅವನ್ನು ಬಾಯಿಗೆ ನಾಟಿಸಲು ಪೂರ್ತಿ ಬಲ ಹಾಕಿ ರಾಡ್ ಎತ್ತಬೇಕಾಗುತ್ತದೆ. ಗಿಡದ ಚಾಪೆ ತೀರಾ ದಟ್ಟವಾಗಿದ್ದು, 30–50 ಗ್ರಾಂ ಟಂಗ್‌ಸ್ಟನ್ ತೂಕ ಕಟ್ಟಿ ಲ್ಯೂರನ್ನು ಅದರೊಳಗೆ ತೂರಿಸುವವರು 65ರಿಂದ 80ರವರೆಗೆ ಹೋಗುತ್ತಾರೆ. ಅದು ಹತ್ತಿರದ ಕುಸ್ತಿ. ಕೈಯಳತೆ ದೂರದಲ್ಲಿ ಮೀನನ್ನು ಮೇಲಕ್ಕೆ ಕಿತ್ತು ತೆಗೆಯುವ ಕೆಲಸ, ಅಲ್ಲಿ ಲೈನ್ ಬಿಟ್ಟು ಆಟ ಆಡಿಸಲು ಸಮಯವೇ ಇಲ್ಲ.

ಬಲ ಜಾಸ್ತಿ ಇರಲಿ ಅನ್ನಲು ಇನ್ನೊಂದು ಕಾರಣ ಇದೆ. ನೈಲಾನ್ ಎಳೆದರೆ ಹಿಗ್ಗುತ್ತದೆ. ತುಂಡಾಗುವ ಮೊದಲು ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗುವುದೂ ಉಂಟು. ಬ್ರೇಡ್ ಹಿಗ್ಗುವುದು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಅದಕ್ಕೇ ಮೀನು ಮೆಲ್ಲಗೆ ಮುಟ್ಟಿದರೂ ಕೈಗೆ ಗೊತ್ತಾಗುತ್ತದೆ. ಆದರೆ ಜರ್ಕ್ ಬಿದ್ದರೆ ಅದನ್ನು ನುಂಗಿಕೊಳ್ಳುವವರು ನಡುವೆ ಯಾರೂ ಇಲ್ಲ, ನೇರ ಗಂಟಿಗೇ ಹೋಗಿ ಹೊಡೆಯುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿ ನಿಧಾನವಾಗಿ ಎಳೆದಾಗಿನ ಲೆಕ್ಕ, ಅದೂ ಗಂಟಿಲ್ಲದ ಲೈನಿನದು. ಗಂಟು ಹಾಕಿದ ಕೂಡಲೇ ಒಂದಿಷ್ಟು ಬಲ ಹೋಗುತ್ತದೆ. ಕೆಟ್ಟ ಗಂಟಾದರೆ ಅರ್ಧಕ್ಕರ್ಧ ಹೋದರೂ ಹೋಯಿತು.

ಗಂಟಿನ ಮಾತು ಬಂತಲ್ಲ, ಬ್ರೇಡ್ ನುಣುಪು. ನೈಲಾನ್‌ಗೆ ಹಾಕುವ ಮಾಮೂಲಿ ಕ್ಲಿಂಚ್ ಗಂಟು ಇದರಲ್ಲಿ ಜಾರುತ್ತದೆ. ಪಾಲೊಮಾರ್ ಗಂಟು ಹಾಕಿ, ಬಿಗಿಯುವ ಮುಂಚೆ ಒದ್ದೆ ಮಾಡಿ. ಸ್ಪೂಲಿಗೆ ಸುತ್ತುವಾಗಲೂ ತಳದಲ್ಲಿ ಮೊದಲು ಒಂದಷ್ಟು ನೈಲಾನ್ ಸುತ್ತಿಕೊಳ್ಳಿ. ಇಲ್ಲದಿದ್ದರೆ ಇಡೀ ಬ್ರೇಡ್ ಸ್ಪೂಲಿನ ಮೇಲೆ ಸುಮ್ಮನೆ ಗಿರಗಿರ ತಿರುಗುತ್ತದೆ, ನೀವು ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ಲೈನ್ ಬಿಡುವ ರೀಲಿನ ಬ್ರೇಕ್) ಕೆಟ್ಟಿದೆ ಅಂತ ರೀಲ್ ಬಿಚ್ಚಿ ಕೂರುತ್ತೀರಿ.

ಬಯಲು ನೀರಿನಲ್ಲಿ ಇಷ್ಟೆಲ್ಲ ಬಲ ಬೇಡ. ನೀರಿನ ಮೇಲೆ ಓಡಾಡಿಸುವ ಪಾಪರ್, ವಾಕರ್ ಥರದ ಲ್ಯೂರುಗಳಿಗೆ 30ರಿಂದ 40 ಸರಿ. ಬ್ರೇಡ್ ನೀರಿಗಿಂತ ಹಗುರ, ತೇಲುತ್ತದೆ. ಹಾಗಾಗಿ ಲ್ಯೂರಿನ ಮೂತಿಯನ್ನು ಕೆಳಗೆ ಎಳೆಯುವುದಿಲ್ಲ. ಫ್ಲೋರೋಕಾರ್ಬನ್ ಮುಳುಗುವ ಲೈನ್, ಇಲ್ಲಿ ಅದು ಆಟ ಕೆಡಿಸುತ್ತದೆ. ಬ್ರೇಡ್ ತೀರಾ ಮೆತ್ತಗಿದ್ದರೆ ಮುಂದಿನ ಮೂರುಮುಳ್ಳಿನ ಹುಕ್ಕಿಗೆ ಸುತ್ತಿಕೊಳ್ಳುವ ಚಾಳಿ ಇದೆ. 20ರದ್ದಕ್ಕಿಂತ 40ರದ್ದು ಸ್ವಲ್ಪ ಬಿರುಸಾಗಿರುವುದರಿಂದ ಈ ಕಾಟ ಕಡಿಮೆ. ಒಂದು ಮೊಳ ನೈಲಾನ್ ಲೀಡರ್ (ಲೈನಿನ ತುದಿಗೆ ಸೇರಿಸುವ ಬೇರೆ ದಾರದ ತುಂಡು) ಕಟ್ಟಿದರೆ ಇನ್ನೂ ಒಳ್ಳೆಯದು.

ತಿಳಿನೀರಿನಲ್ಲಿ ಬ್ರೇಡ್ ಎದ್ದು ಕಾಣುತ್ತದೆ. ಅಲ್ಲಿ 10 ಪೌಂಡಿನ ಬ್ರೇಡಿಗೆ 6 ಅಥವಾ 8 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಸೇರಿಸುತ್ತಾರೆ. ಎರಡನ್ನೂ ಸೇರಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ತೆಳು, ಕಲಿಯಲು ಮಾತ್ರ ಸ್ವಲ್ಪ ತಾಳ್ಮೆ ಬೇಕು. ಬರದಿದ್ದರೆ ಡಬಲ್ ಯುನಿ ಹಾಕಿ, ನಷ್ಟ ಏನಿಲ್ಲ. ಲೀಡರ್ ಯಾವಾಗಲೂ ಬ್ರೇಡಿಗಿಂತ ಕಡಿಮೆ ಬಲದ್ದೇ ಇರಲಿ. ತಳದಲ್ಲಿ ಹುಕ್ ಸಿಕ್ಕಿಕೊಂಡರೆ ಲೀಡರ್ ಮಾತ್ರ ಕಡಿದುಹೋಗುತ್ತದೆ, ಬ್ರೇಡ್ ಪೂರ್ತಿ ವಾಪಸ್ ಬರುತ್ತದೆ.

ಕಲ್ಲುಬಂಡೆ, ಚಿಪ್ಪುಗಳ ಜಾಗಕ್ಕೆ 80 ಪೌಂಡಿನ ಬ್ರೇಡ್ ಕೊಳ್ಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಬ್ರೇಡಿನ ಬಲ ಇರುವುದು ಸಣ್ಣ ಸಣ್ಣ ನೂಲುಗಳಲ್ಲಿ. ಬಿಗಿಯಾದ ಲೈನಿಗೆ ಚೂಪಾದ ಅಂಚು ತಗುಲಿದರೆ ಅವು ಒಂದೊಂದಾಗಿ ಕಡಿಯುತ್ತವೆ. ಪೌಂಡ್ ಏರಿಸಿದರೆ ಸ್ವಲ್ಪ ಹೆಚ್ಚು ಹೊತ್ತು ತಡೆಯಬಹುದು, ಅಷ್ಟೇ. ಅಲ್ಲಿಗೆ ಬೇಕಾದದ್ದು ಉದ್ದನೆಯ ದಪ್ಪ ಫ್ಲೋರೋಕಾರ್ಬನ್ ಲೀಡರ್. ಇಲ್ಲವೇ ಬ್ರೇಡನ್ನೇ ಬಿಟ್ಟು ಪೂರ್ತಿ ಫ್ಲೋರೋಕಾರ್ಬನ್ ಸುತ್ತಿಕೊಳ್ಳಿ.

ಜಾಸ್ತಿ ಬಲದ ಲೈನ್ ಹಾಕಿದ ಮೇಲೆ ಒಂದು ವಿಷಯ ನೆನಪಿರಬೇಕು. ಈಗ ಮೊದಲು ಸೋಲುವುದು ಲೈನ್ ಅಲ್ಲ. ಹುಕ್ ನೆಟ್ಟಗಾಗುತ್ತದೆ, ರಾಡ್ ಮುರಿಯುತ್ತದೆ, ಇಲ್ಲವೇ ಮೀನಿನ ತುಟಿ ಹರಿಯುತ್ತದೆ. ಆದ್ದರಿಂದ ಡ್ರ್ಯಾಗ್ ಬಿಗಿ ಮಾಡುವಾಗ ಲೈನಿನ ಅಂಕಿ ನೋಡಬೇಡಿ, ಹುಕ್ ನೋಡಿ. ದಪ್ಪ ತಂತಿಯ ಒಂಟಿ ಹುಕ್ ಆದರೆ ಬಿಗಿ ಇರಲಿ. ತೆಳು ಹುಕ್ ಅಥವಾ ಮೂರುಮುಳ್ಳಿನದಾದರೆ ಸಡಿಲ ಬಿಡಿ, ರಾಡೂ ಸ್ವಲ್ಪ ಬಾಗುವಂಥದ್ದೇ ಇರಲಿ. ಹಿಗ್ಗದ ಲೈನಿಗೆ ಬಡಿಗೆಯಂಥ ರಾಡೂ ಸೇರಿದರೆ ದಡದ ಹತ್ತಿರ ಮೀನು ತಲೆ ಕೊಡವಿದಾಗ ಹುಕ್ ಕಳಚಿಕೊಳ್ಳುವುದು ಬಹಳ.

65ರ ಲೈನ್ ಮರದ ದಿಮ್ಮಿಗೆ ಸಿಕ್ಕಿಕೊಂಡರೆ ದಿಮ್ಮಿ ಬರುವುದಿಲ್ಲ, ನಿಮ್ಮ ದೋಣಿಯೇ ಅದರ ಹತ್ತಿರ ಹೋಗುತ್ತದೆ. ಆಗ ರಾಡಿನಿಂದ ಎಳೆಯಬೇಡಿ. ಲೈನನ್ನು ಕೈಗೆ ಸುತ್ತಿಕೊಂಡಂತೂ ಎಳೆಯಲೇಬೇಡಿ, ಬೆರಳು ಆಳಕ್ಕೆ ಕೊಯ್ದುಹೋಗುತ್ತದೆ. ಒಂದು ಕೋಲಿಗೆ ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ ನಿಧಾನವಾಗಿ ಎಳೆಯಿರಿ.

ನಿಮ್ಮ ಒಂದೇ ಸ್ಪೂಲಿನ ಪ್ರಶ್ನೆಗೆ ಬರುತ್ತೇನೆ. ಬೇಟ್‌ಕಾಸ್ಟರ್ ಇದ್ದು, ನೀವು ಹೋಗುವ ಕಡೆ ಗಿಡ ಇದ್ದರೆ 50 ಕೊಳ್ಳಿ. ಕಪ್ಪೆ ಲ್ಯೂರಿಗೂ ಆಯಿತು, ಲೀಡರ್ ಕಟ್ಟಿದರೆ ಬೇರೆ ಕೆಲಸಕ್ಕೂ ಆಯಿತು. 30 ಎಲ್ಲದಕ್ಕೂ ಆಗುತ್ತದೆ ಎನ್ನುವವರಿದ್ದಾರೆ. ಬಯಲು ನೀರೇ ಜಾಸ್ತಿ ಇದ್ದರೆ ಅವರ ಮಾತು ಸರಿ, ಗಿಡದ ಜಾಗದಲ್ಲಿ ನಾನು ಒಪ್ಪುವುದಿಲ್ಲ. ಸ್ಪಿನ್ನಿಂಗ್ ರೀಲ್ ಮಾತ್ರ ಇದ್ದರೆ 15 ಕೊಳ್ಳಿ, 8ರ ಲೀಡರ್ ಕಟ್ಟಿ, ದಟ್ಟ ಗಿಡಗಳ ಒಳಗೆ ಎಸೆಯುವ ಆಸೆ ಬಿಟ್ಟು ಅಂಚಿನಲ್ಲಿ ಎಸೆಯಿರಿ.

ಕೊಳ್ಳುವಾಗ ಪೌಂಡಿನ ಜೊತೆ ಮಿಲಿಮೀಟರನ್ನೂ ಓದಿ. ಒಂದು ಕಂಪನಿಯ 30, ಇನ್ನೊಂದರ 40ರಷ್ಟು ದಪ್ಪ ಇರಬಹುದು. ಜಪಾನಿನ ಲೈನುಗಳ ಮೇಲೆ ಪಿಇ ಸಂಖ್ಯೆ ಇರುತ್ತದೆ, ಅದು ದಪ್ಪದ ಅಳತೆ: ಪಿಇ 1 ಸುಮಾರು 0.165 ಮಿಲಿಮೀಟರ್, ಪಿಇ 3 ಸುಮಾರು 0.285, ಪಿಇ 5 ಸುಮಾರು 0.37. ನಾಲ್ಕು ಎಳೆಯದೋ ಎಂಟು ಎಳೆಯದೋ ಎಂಬ ಗೊಂದಲವೂ ಇರುತ್ತದೆ. ಎಂಟರದ್ದು ನುಣುಪು, ಬಳೆಗಳಲ್ಲಿ ಸದ್ದಿಲ್ಲದೆ ಓಡುತ್ತದೆ, ದೂರ ಹೋಗುತ್ತದೆ. ನಾಲ್ಕರದ್ದು ಒರಟು, ಅಗ್ಗ, ಗಿಡ ಕೊಯ್ಯಲು ಅದೇ ವಾಸಿ.

ಬಣ್ಣ ಮಾಸಿತು ಅಂತ ಲೈನ್ ಎಸೆಯಬೇಡಿ, ಬಣ್ಣಕ್ಕೂ ಬಲಕ್ಕೂ ಸಂಬಂಧ ಇಲ್ಲ. ನೋಡಬೇಕಾದದ್ದು ಗಂಟಿನ ಹತ್ತಿರ ಎದ್ದ ಜೂಲನ್ನು. ಎದ್ದು ನಿಂತ ಒಂದೊಂದು ನೂಲೂ ಕಡಿದುಹೋದ ಬಲ. 50ರಲ್ಲಿ ಸ್ವಲ್ಪ ಜೂಲು ಎದ್ದರೂ ಇನ್ನೂ ಬೇಕಾದಷ್ಟು ಉಳಿದಿರುತ್ತದೆ, 10ರಲ್ಲಿ ಅಷ್ಟೇ ಜೂಲು ಎದ್ದರೆ ಕೆಲಸ ಕೆಟ್ಟಿತು. ಆಗ ತುದಿಯ ಎರಡು ಮೂರು ಮೀಟರ್ ಕತ್ತರಿಸಿ ಹೊಸ ಗಂಟು ಹಾಕಿ. ಹೀಗೆ ಕತ್ತರಿಸುತ್ತಾ ಸ್ಪೂಲ್ ತೀರಾ ಇಳಿದರೂ ತಳದಲ್ಲಿರುವ ಲೈನ್ ಹೊಸದರಂತೆಯೇ ಇರುತ್ತದೆ. ಕೆಳಗೆ ಇನ್ನಷ್ಟು ನೈಲಾನ್ ತುಂಬಿ, ಬ್ರೇಡನ್ನು ಹಿಂದುಮುಂದು ಮಾಡಿ ಮತ್ತೆ ಸುತ್ತಿಕೊಳ್ಳಿ.