ಹುತ್ತರಿಯೋ ಪುತ್ತರಿಯೋ: ಪದಬಂಧದ ಮೊದಲ ಮನೆ

‘ಕೊಡಗಿನ ಸುಗ್ಗಿ ಹಬ್ಬ, ಮೂರಕ್ಷರ’. ಮಡಿಕೇರಿಯಲ್ಲಿ ಕುಳಿತು ಪತ್ರಿಕೆಗೆ ಪದಬಂಧ ಹೆಣೆಯುವವರಿಗೆ ಈ ಸುಳಿವು ಸುಲಭದ್ದಲ್ಲ. ಕನ್ನಡದಲ್ಲಿ ಅದು ಹುತ್ತರಿ, ಕೊಡವರ ಮನೆಮಾತಾದ ಕೊಡವ ತಕ್ಕ್‌ನಲ್ಲಿ ಪುತ್ತರಿ. ಹಳಗನ್ನಡದ ‘ಪಾಲು’ ‘ಹಾಲು’ ಆದಾಗಲೂ ಕೊಡವ ತಕ್ಕ್ ತನ್ನ ಪಕಾರವನ್ನು ಬಿಡಲಿಲ್ಲ. ಮೊದಲ ಮನೆಯಲ್ಲಿ ‘ಹು’ ಬರೆದವರ ಕೆಳಗಿನ ಪದ ಕೆಟ್ಟರೆ ತಪ್ಪು ಬಿಡಿಸಿದವರದ್ದಲ್ಲ, ಹೆಣೆದವರದ್ದು. ‘ಕೊಡವ ತಕ್ಕ್‌ನಲ್ಲಿ’ ಎಂದು ಸುಳಿವಿನಲ್ಲೇ ಹೇಳಿಬಿಡುವುದು ನ್ಯಾಯ.

ಈ ಆಟ ಹುಟ್ಟಿದ್ದು ಬೇರೊಂದು ಲಿಪಿಗಾಗಿ. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಮೊದಲ ಪದಬಂಧ ಪ್ರಕಟಿಸಿದರು. 1924ರಲ್ಲಿ ಪದಬಂಧಗಳ ಪುಸ್ತಕ ಬಂತು. 1930ರಲ್ಲಿ ಲಂಡನ್ನಿನ ‘ಟೈಮ್ಸ್’, 1942ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅದಕ್ಕೆ ಜಾಗ ಕೊಟ್ಟವು. ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ಇರುವುದು 26 ಮಾತ್ರ.

ಕನ್ನಡಕ್ಕೆ ಬರುವಾಗ ಮನೆಯ ಅರ್ಥವೇ ಬದಲಾಯಿತು. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು ಮನೆ. ‘ಸ್ತ್ರೀ’ ಒಂದೇ ಮನೆಯಲ್ಲಿ ಕೂರುತ್ತದೆ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತ. ಇಂಗ್ಲಿಷಿಗಾಗಿ ಮಾಡಿದ ತಂತ್ರಾಂಶ ಇಲ್ಲಿ ಅಕ್ಷರವನ್ನು ಒಡೆದುಹಾಕುತ್ತದೆ. ನೂರಾರು ಗುಣಿತಾಕ್ಷರಗಳಲ್ಲಿ ಎರಡು ಪದಗಳಿಗೆ ಹೊಂದುವುದನ್ನು ಹುಡುಕಬೇಕು. ಮಡಿಕೇರಿಯ ‘ಮ’ ಭಾಗಮಂಡಲದ ‘ಮಂ’ಗೆ ಆಗದು, ಕಾವೇರಿಯ ‘ರಿ’ ಮಾತ್ರ ಮಡಿಕೇರಿಯ ಕೊನೆಗೆ ಸರಿಯಾಗಿ ಕೂರುತ್ತದೆ. ಆದ್ದರಿಂದಲೇ ನಮ್ಮಲ್ಲಿ ಕಪ್ಪು ಮನೆಗಳು ಹೆಚ್ಚು. ಇದನ್ನು ಹೆಣೆಯುವವರ ಸೋಮಾರಿತನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕೊಡಗಿನ ಪದಗಳಲ್ಲಿ ಇನ್ನೊಂದು ಕಷ್ಟವಿದೆ, ಅರ್ಧಾಕ್ಷರದ್ದು. ‘ಬಸ್’, ‘ಮೊಬೈಲ್’ ಬಂದ ಮೇಲೆ ಕನ್ನಡ ಪದಬಂಧಕ್ಕೂ ಅದು ಹೊಸದಲ್ಲ. ಆದರೆ ನಾಟಿ ಮುಗಿದ ಮೇಲೆ ಆಯುಧ ಪೂಜಿಸುವ ಹಬ್ಬ ‘ಕೈಲ್ ಪೊಳ್ದ್’ ಬರೆದು ನೋಡಿ: ಕೈ, ಲ್, ಪೊ, ಳ್ದ್. ‘ಳ್ದ್’ ಹಾಯುವ ಇನ್ನೊಂದು ಪದವನ್ನು ಎಲ್ಲಿಂದ ತರುವುದು? ಕೈಬಿಡುವುದು ಸುಲಭ. ಆದರೆ ಓದುಗರ ಮನೆಯ ಹಬ್ಬವೇ ಅವರ ಪತ್ರಿಕೆಯ ಪದಬಂಧದಲ್ಲಿ ಇರಬಾರದೇ?

ದಾರಿಯಿದೆ. ಅಡ್ಡಪದದ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಮಾತ್ರ ಕೆಳಗಿನ ಪದ ಹಾಯುವಂತೆ ಚೌಕಟ್ಟು ಹಾಕಿದರೆ ‘ಲ್’, ‘ಳ್ದ್’ ಎರಡೂ ಯಾರ ತಂಟೆಗೂ ಹೋಗದೆ ಉಳಿಯುತ್ತವೆ. ‘ಕೈ’ಯಿಂದ ಕೈತೋಟ ಇಳಿಯುತ್ತದೆ, ‘ಪೊ’ದಿಂದ ಪೊನ್ನಂಪೇಟೆ.