ರೋಗಿಯ ಗೋಪ್ಯತೆ: ಯಾರಿಂದ ಗೋಪ್ಯ?

‘ಗೋಪ್ಯತೆ ಉಂಟು, ಫೈಲು ಕೊಡ್ಲಿಕ್ಕಾಗೋದಿಲ್ಲ.’ ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗೇ ಹೀಗೆ ಹೇಳುವುದನ್ನು ಮೊನ್ನೆ ಮತ್ತೆ ಕೇಳಿದೆ. ಆ ಫೈಲು ಅವರದೇ ಕಾಯಿಲೆಯದು, ಅಲ್ವಾ?

ರೋಗಿಯ ಕಾಯಿಲೆಯ ವಿಷಯ ಅವರು ಒಪ್ಪದೆ ಬೇರೆಯವರಿಗೆ ಹೋಗಬಾರದು. ಗೋಪ್ಯತೆ ಅಂದರೆ ಇದು. ರೋಗಿಯಿಂದಲೇ ಮುಚ್ಚಿಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ನೋಡಿ: ರೋಗಿಯಾಗಲಿ, ಅವರ ಪರವಾಗಿ ಬಂದ ಅಧಿಕೃತ ವ್ಯಕ್ತಿಯಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ರೋಗಿಯ ಗುಟ್ಟನ್ನು ವೈದ್ಯರು ಹೊರಗೆ ಬಿಡಬಾರದು ಅನ್ನುವುದೂ ಅದೇ ನಿಯಮ. ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿ ಇವೆ, ಆದರೆ ‘ರೋಗಿಗೆ ಕೊಡಬೇಡಿ’ ಅಂತ ಅದರಲ್ಲಿಲ್ಲ.

ಕಾಸರಗೋಡಿನವರಿಗೆ ಇದರಿಂದ ತೊಂದರೆ ಜಾಸ್ತಿ. ದೊಡ್ಡ ಕಾಯಿಲೆ ಬಂದರೆ ನಮ್ಮಲ್ಲಿ ತುಂಬ ಜನ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಫೈಲು ಅಲ್ಲೇ ಉಳಿಯುತ್ತದೆ, ನೆರವಿನ ಅರ್ಜಿ ಮಾತ್ರ ಈಚೆ ಕೇರಳದ ಕಚೇರಿಗೆ ಹಾಕಬೇಕು.

ಕೌಂಟರಿನಲ್ಲಿ ಇಷ್ಟು ಬಿಗಿ. ಆದರೆ ವಾಟ್ಸಾಪಿನಲ್ಲಿ ‘ಚಿಕಿತ್ಸೆಗೆ ನೆರವಾಗಿ’ ಅಂತ ಬರುವ ಮನವಿಗಳಲ್ಲಿ ಇಡೀ ಡಿಸ್ಚಾರ್ಜ್ ಸಮರಿಯ ಫೋಟೋ ಇರುತ್ತದೆ. ಹಾಕುವವರ ಮನಸ್ಸು ಒಳ್ಳೆಯದೇ. ಆದರೆ ಆಪರೇಷನ್‌ಗೆ ಮುಂಚೆ ಮಾಡಿಸಿದ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶವೂ ಆ ಹಾಳೆಯಲ್ಲೇ ಇರಬಹುದು. ಎಚ್‌ಐವಿ ವಿಷಯವನ್ನು ಒಪ್ಪಿಗೆ ಇಲ್ಲದೆ ಹೊರಗೆ ಹಾಕುವುದನ್ನು 2017ರ ಕಾನೂನು ತಡೆಯುತ್ತದೆ. ದುಡ್ಡು ಕೊಡುವವರಿಗೆ ಕಾಯಿಲೆಯ ಹೆಸರು, ಬೇಕಾದ ಮೊತ್ತ, ಖಾತೆ ನಂಬರು ಸಾಕು. ದಾಖಲೆ ನೋಡಲೇಬೇಕು ಅನ್ನುವವರಿಗೆ ಮನೆಯವರೇ ತೋರಿಸಲಿ.

ಪಾಸ್‌ವರ್ಡ್, ಬೀಗ, ಯಾರು ಯಾವ ಫೈಲು ತೆರೆದರು ಅನ್ನುವ ಲೆಕ್ಕ, ಇವೆಲ್ಲ ಭದ್ರತೆ. ಅದು ಬೇಕೇಬೇಕು. ಆದರೆ ಯಾರಿಗೆ ತೋರಿಸಬಹುದು ಅನ್ನುವುದನ್ನು ಬೀಗ ತೀರ್ಮಾನಿಸುವುದಿಲ್ಲ, ರೋಗಿಯ ಒಪ್ಪಿಗೆ ತೀರ್ಮಾನಿಸುತ್ತದೆ.

ಆ ಒಪ್ಪಿಗೆಯೂ ಒಂದು ಕೆಲಸಕ್ಕೆ ಕೊಟ್ಟದ್ದು. ನಮ್ಮ ಜಿಲ್ಲೆಯ ಎಣ್ಮಕಜೆ, ಪಡ್ರೆ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮಕ್ಕಳ ಫೋಟೋಗಳನ್ನೇ ನೋಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದರ ವಿರುದ್ಧ ಹೋರಾಟ ನಡೆಯುವಾಗ ಆ ಚಿತ್ರಗಳು ಬೇಕಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅವೇ ಚಿತ್ರಗಳನ್ನು ಈಗ ಸಂಬಂಧವಿಲ್ಲದ ಲೇಖನ, ಪೋಸ್ಟರುಗಳಿಗೆ ಅಂಟಿಸುವುದು ತಪ್ಪು. ಅಂದು ಹೂಂ ಅಂದದ್ದು ಅಪ್ಪ ಅಮ್ಮ, ಅದೂ ಹೋರಾಟಕ್ಕಾಗಿ. ಇಂದು ಬಳಸಬೇಕಿದ್ದರೆ ಮತ್ತೆ ಕೇಳಬೇಕು, ಬೆಳೆದು ತಾನೇ ಉತ್ತರ ಹೇಳಬಲ್ಲವರಿದ್ದರೆ ಅವರನ್ನೇ ಕೇಳಬೇಕು.